ದೊರೆಯ ಊರಿನ ಸತ್ತವರು

"ಎಲ್ಲರೂ ಟೋಪಿ ತೆಗೆಯಿರಿ!" ಎಂದು ದೊರೆ ಇಂಗ್ಲಿಷಿನಲ್ಲಿ ಗುಡುಗಿದ.

ಎಸ್ಟೇಟಿನ ಲೈನುಮನೆಗಳ ಆಳುಗಳಲ್ಲಿ ಟೋಪಿ ಕಂಡವರೇ ಕಡಿಮೆ. ಲೆಕ್ಕ ಬರೆಯುವ, ದೊರೆಯ ಮಾತನ್ನು ಕನ್ನಡಕ್ಕೆ ತರುವ ರೈಟರ್ ಶಿವಶಂಕರಪ್ಪ ಅತ್ತಿತ್ತ ನೋಡಿ, "ಗೊರಬೆ ಇಳಿಸ್ರೋ" ಎಂದು ಕೂಗಿದ. ಅಷ್ಟೂ ಜನ ತಲೆ, ಬೆನ್ನು ಮುಚ್ಚಿದ್ದ ಎಲೆಯ ಗೊರಬೆ ಕಳಚಿ ಸುರಿಯುವ ಮಳೆಯಲ್ಲಿ ನಿಂತರು. ದೊರೆ ಮಾತ್ರ ಬಂಗಲೆಯ ಜಗಲಿಯ ಮೇಲಿದ್ದ. ಶೋಕಕ್ಕೂ ಸೂರು ಬೇಕಲ್ಲ.

ಅವನ ಹುಟ್ಟೂರು ಪೋಲ್‌ಕಾರೋ, ಇಂಗ್ಲೆಂಡಿನ ಕಡಲ ಅಂಚಿನ ಒಂದು ಬೆಸ್ತರ ಕೇರಿ. ಮುತ್ತಜ್ಜನ ಕಾಲದಲ್ಲಿ ಬಿರುಗಾಳಿ ಎದ್ದು ಅಲ್ಲಿಯ ದೋಣಿಗಳು ಮುಳುಗಿದ್ದವಂತೆ. ವರ್ಷವೂ ಆ ದಿನ ಬಂತೆಂದರೆ ಮಾಕುಟ್ಟದ ಘಾಟಿಯ ಮೇಲಿನ ಈ ಎಸ್ಟೇಟಿನ ಆಳುಗಳು ಆ ಊರಿನ ಭೂಗೋಳ, ಚರಿತ್ರೆ ಎರಡನ್ನೂ ಕೇಳಿ, ಆಮೇಲೆ ದುಃಖಪಡಬೇಕು.

ಮುಂದಿನ ಸಾಲಿನಲ್ಲಿದ್ದ ದೊಡ್ಡಿ ಎಲೆಯ ಪೊಟ್ಟಣವೊಂದನ್ನು ಎದೆಗವಚಿಕೊಂಡು ಪಿಸುಗುಟ್ಟಿದಳು. "ರೈಟ್ರಯ್ಯಾ, ನನ್ನ ರಜೆ ಕೇಳಿದ್ರಾ?"

ಅವಳ ಗಂಡ ಚೋಮ ಎಸ್ಟೇಟಿನ ದಿಮ್ಮಿಗಳನ್ನು ಮಾಕುಟ್ಟದ ಹೊಳೆಗೆ ನೂಕುವಾಗ ದಿಮ್ಮಿಯ ಜೊತೆ ತಾನೂ ಹೋಗಿದ್ದ. ದಿಮ್ಮಿಯನ್ನು ಕೆಳಗೆ ಮಲಬಾರಿನ ಬಂದರಿನಲ್ಲಿ ಹಿಡಿದು ನಿಲ್ಲಿಸಿದರು. ಚೋಮನನ್ನು ಯಾರೂ ಹಿಡಿಯಲಿಲ್ಲ. ಇವತ್ತಿಗೆ ಹನ್ನೊಂದನೇ ದಿನ.

"ಇದು ಮುಗೀಲಿ, ಕೇಳ್ತೀನಿ."

"ಮುಗಿಯೋ ಹೊತ್ತಿಗೆ ಹೊತ್ತೇ ಮುಳುಗ್ತದೆ. ಹೊಳೆ ದಂಡೇಲಿ ಎಡೆ ಇಟ್ಟು, ಹೆಸರು ಕೂಗಿ, ಉಣ್ಸಿ ಕಳಿಸ್ಬೇಕು ಅಯ್ಯಾ. ಇಲ್ದಿದ್ರೆ ಅವ ಪ್ರೇತ ಆಗಿ ಮನೆ ಹೊಕ್ಕೊಳ್ತಾನೆ."

"ಬಾಯಿ ಮುಚ್ಚು. ದೊರೆ ನೋಡ್ತಿದ್ದಾರೆ."

ದೊರೆ ತನ್ನೂರಿನ ಮೂರು ಕಡೆಯ ಬಂಡೆ, ಒಂದು ಕಡೆಯ ಕಡಲು, ಊರು ಕಟ್ಟಿದ ಸನ್ಯಾಸಿ, ಕಳ್ಳಮಾಲು ಇಡುತ್ತಿದ್ದ ಗುಹೆ, ಎಲ್ಲವನ್ನೂ ಬಣ್ಣಿಸಿ ರೈಟರನತ್ತ ತಿರುಗಿದ.

"ಅವರೂರಲ್ಲಿ ಮೀನು ಸಿಗ್ತದಂತೆ," ಎಂದ ಶಿವಶಂಕರಪ್ಪ.

"ಅಷ್ಟಕ್ಕೆ ಇಷ್ಟೊತ್ತಾ?" ಎಂದ ಹಿಂದಿದ್ದ ಮಲ್ಲ.

ಆಮೇಲೆ ದೊರೆ ಕಣ್ಣು ಮುಚ್ಚಿ, ಮುಳುಗಿದ ಒಬ್ಬೊಬ್ಬ ಬೆಸ್ತನ ಹೆಸರನ್ನೂ ಅವನಪ್ಪನ ಹೆಸರನ್ನೂ ತಡವರಿಸದೆ ಹೇಳಿದ. ಮೀಸೆ ಬರುವ ಮುಂಚಿನಿಂದ ತನ್ನ ತೋಟದಲ್ಲಿ ದುಡಿದ ಚೋಮನನ್ನು ಅವನು ಕರೆಯುತ್ತಿದ್ದುದು "ಏಯ್" ಎಂದು. ದೊಡ್ಡಿ ತಡೆಯುವಷ್ಟು ತಡೆದಳು. ಕೊನೆಗೆ ಕೆಸರಿನಲ್ಲೇ ಕುಸಿದು, "ನೀರಿಗೆ ಹೋದ್ಯಲ್ಲೋ! ಒಂದು ತುತ್ತು ಕೂಳಿಲ್ದೆ ಹೋದ್ಯಲ್ಲೋ!" ಎಂದು ಬೋರಿಟ್ಟಳು.

ದೊರೆಯ ಕಣ್ಣೂ ತುಂಬಿತು. "ಏನನ್ನುತ್ತಿದ್ದಾಳೆ?"

"ನೀರಿಗೆ ಹೋದವರಿಗಾಗಿ ಅಳ್ತಿದ್ದಾಳೆ, ಸಾರ್." ಶಿವಶಂಕರಪ್ಪ ದೊಡ್ಡಿಯತ್ತ ನೋಡಿದ. "ಅವಳ ಗಂಡನೂ... ಅವಳಿಗೆ ಇವತ್ತು ರಜೆ ಬೇಕಂತೆ."

"ರಜೆ? ಸಾಧ್ಯವೇ ಇಲ್ಲ! ಸಂಜೆ ಪೊನ್ನಂಪೇಟೆಯಿಂದ ನನ್ನ ಸ್ನೇಹಿತರು ಬರುತ್ತಾರೆ. ಅವರ ಮುಂದೆ ಇನ್ನೊಮ್ಮೆ ಹೀಗೇ ಅಳಲಿ."

ಸಂಜೆ ಸ್ನೇಹಿತರು ಜಗಲಿಯ ಕುರ್ಚಿಗಳಲ್ಲಿ ಗ್ಲಾಸು ಹಿಡಿದು ಕೂತರು. ದೊಡ್ಡಿಯನ್ನು ಮೆಟ್ಟಿಲ ಬಳಿ ನಿಲ್ಲಿಸಲಾಯಿತು. ಮೋಡದ ಹಿಂದೆ ಹೊತ್ತು ಮುಳುಗುತ್ತಿತ್ತು. ಅವಳು ಅದನ್ನೊಮ್ಮೆ ನೋಡಿದಳು. ಅಳಲಿಲ್ಲ. ಯಾರನ್ನೂ ಕೇಳದೆ ಜಗಲಿ ಹತ್ತಿ, ದೊರೆಯ ಬಾಗಿಲ ಹೊಸ್ತಿಲಲ್ಲಿ ಎಲೆ ಬಿಚ್ಚಿ, ಅನ್ನದ ಮೇಲೆ ಒಣಮೀನಿನ ತುಂಡಿಟ್ಟು, ಬಾಯಿಯ ಇಕ್ಕೆಲಕ್ಕೆ ಕೈ ಹಿಡಿದು ಘಾಟಿಯ ಕೆಳಗಿನ ಹೊಳೆಯ ಕಡೆಗೆ ಕೂಗಿದಳು.

"ಓ ಚೋಮಾ... ಹೊಳೆಗೆ ಬರೋಕೆ ನಂಗೆ ರಜೆ ಸಿಗ್ಲಿಲ್ಲ. ನೀನೇ ಇಲ್ಲಿಗೆ ಬಾ. ದೊಡ್ಡ ಮನೆ, ಬೇಕಾದಷ್ಟು ಜಾಗ ಉಂಟು."

ಸ್ನೇಹಿತರು ಚಪ್ಪಾಳೆ ತಟ್ಟಿದರು. ಅಂಗಳದ ಆಳುಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಈಗ ಏನನ್ನುತ್ತಿದ್ದಾಳೆ?" ದೊರೆ ನಗುತ್ತ ಕೇಳಿದ.

"ಅತಿಥಿಯೊಬ್ಬರನ್ನ ಕರೀತಿದ್ದಾಳೆ, ಸಾರ್," ಎಂದು ಶಿವಶಂಕರಪ್ಪ ಮೆಲ್ಲಗೆ ಜಗಲಿಯಿಂದ ಮಳೆಗೆ ಇಳಿದ.