ಎರಡನೆಯ ಪದರ

ಹೊಸ ತೆಪ್ಪ ದಂಡೆಯಿಂದ ಹತ್ತು ಮಾರು ದೂರ ಹೋಗುವಷ್ಟರಲ್ಲಿ ಫಕೀರೇಶನ ಹಿಮ್ಮಡಿಯ ಕೆಳಗೆ ತಣ್ಣಗೆ ಒದ್ದೆಯಾಯಿತು. ತೆಪ್ಪ ಕಟ್ಟಿದವನೇ ಮೊದಲು ಕೆರೆಯಲ್ಲಿ ಒಂದು ಸುತ್ತು ಹಾಕಿ ಬರಬೇಕೆಂಬುದು ಅಲ್ಲಿಯವರ ರಿವಾಜು. ತೆಪ್ಪದ ಬಿದಿರಿನ ಬುಟ್ಟಿಗೆ ಎರಡು ಪದರ ಹೊದಿಸಲೆಂದು, ಅದನ್ನು ಕಟ್ಟಿಸಿದ ಮಲ್ಲಮ್ಮ ಎಲ್ಲೆಲ್ಲೋ ಕಾಡಿ ಬೇಡಿ ಹಳೆಯ ಫ್ಲೆಕ್ಸ್ ಬ್ಯಾನರ್ ಎರಡು ತಂದುಕೊಟ್ಟಿದ್ದಳು. ಅವನು ಒಂದನ್ನಷ್ಟೇ ಹೊದಿಸಿ ಮೇಲೆ ಡಾಂಬರು ಬಳಿದಿದ್ದ. ಇನ್ನೊಂದು ಅವನ ಹಿತ್ತಲಿನ ಹೊಟ್ಟಿನ ಬಣವೆಯ ಮೇಲಿತ್ತು. ಡಾಂಬರಿನ ಕೆಳಗಿನದು ಯಾರಿಗೆ ಕಾಣಬೇಕು?

ದಂಡೆಯಲ್ಲಿ ಮಲ್ಲಮ್ಮ ಹೊಸ ಬಲೆಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವಳಿಗೆ ಈಜು ಬಾರದು. ಸ್ಕೂಟರಿನ ಹಳೆ ಟ್ಯೂಬಿಗೆ ಗಾಳಿ ತುಂಬಿಸಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು.

“ನೀರ ಬರ್ತೈತೇನೋ ತಮ್ಮಾ?”

ಫಕೀರೇಶ ಹಿಮ್ಮಡಿಯನ್ನು ಒದ್ದೆಯ ಮೇಲೆ ಒತ್ತಿ ಹಿಡಿದ. “ಏ, ಒಂದ ಹನಿನೂ ಇಲ್ಲಬೇ ಅಕ್ಕಾ.” ಹಾಗೇ ಒತ್ತಿಕೊಂಡು ತೆಪ್ಪವನ್ನು ದಂಡೆಗೆ ತಂದ.

“ನನಗ ಗೊತ್ತಿತ್ತು. ನೀ ಕಟ್ಟಿದ ಮ್ಯಾಲ ಇದ್ಯಾಕ ಬೇಕು?” ಎಂದು ನಗುತ್ತ ಅವಳು ಟ್ಯೂಬಿನ ಗಂಟು ಬಿಚ್ಚಿ ಹುಲ್ಲಿನ ಮೇಲೆ ಎಸೆದಳು. ಸೀರೆ ಎತ್ತಿ ಕಟ್ಟಿ ಒಂದು ಕಾಲನ್ನು ತೆಪ್ಪದೊಳಗಿಟ್ಟಳು.

“ನಿಲ್ಲಬೇ ಅಕ್ಕಾ,” ಎಂದು ಫಕೀರೇಶ ಹಿಮ್ಮಡಿ ಎತ್ತಿದ. ನೀರು ಬೆರಳುದ್ದ ಚಿಮ್ಮಿ ಅವಳ ಪಾದದ ಮೇಲೆ ಬಿತ್ತು.