ಹತ್ತು ಸಾವಿರ ಜನರ ನೆನಪು

ಮೊಬೈಲಿನಲ್ಲಿ ಹತ್ತು ಸಾವಿರ ಜನ ನಂಬಿದ ಮಾತು ಎಲ್ಲರ ನೆನಪಿಗೂ ಇಳಿದು, ಅಲ್ಲಿದ್ದ ನಿಜವನ್ನು ಅಳಿಸಿಬಿಡುವುದು ಊರಿಗೆ ಹೊಸದಲ್ಲ. ಅದಕ್ಕೇ ಮಗಳು ರಕ್ಷಿತಾ ಕಾಣೆಯಾದ ಒಂಬತ್ತು ದಿನಗಳಿಂದಲೂ ಸುಗುಣ ಮನೆಗೆಲಸದ ನಡುವೆ ಆ ಬೆಳಗನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದಳು.

“ಜಡೆ ಹಾಕ್ದೆ. ‘ಎಷ್ಟಮ್ಮ ಎಣ್ಣೆ ಸುರೀತೀಯ, ನಾನೇನು ಬೋಂಡಾನಾ?’ ಅಂದ್ಲು. ಕಾಲೇಜು ಬಿಟ್ಮೇಲೆ ಹೊಸಕಟ್ಟೇಲಿ ಬಸ್ ಇಳಿದು ನೋಟ್ಸ್ ಇಸ್ಕೊಂಡು ಬರ್ತೀನಿ ಅಂತ ನಗ್ತಾ ಹೋದ್ಲು.”

ಆ ಮಾತು ಹಿಡಿದೇ ಗಂಡ ಪರಮೇಶಿ ದಿನವೂ ಹೊಸಕಟ್ಟೆಯಲ್ಲಿ ಹುಡುಕುತ್ತಿದ್ದ.

ಎದುರಿಗೆ ಅವರೆಕಾಯಿ ಬಿಡಿಸುತ್ತಿದ್ದ ತಂಗಿ ನಳಿನಿ ಮೊಬೈಲು ನೋಡಿದಳು. “ಅಕ್ಕ, ನೀನೇ ಹೊಡೆದು ಓಡಿಸಿದೆ ಅಂತ ಬರ್ದವ್ರೆ. ನಂಬಿದೋರು ಒಂಬತ್ತು ಸಾವಿರದ ಎಂಟುನೂರು ಆಗವ್ರೆ.”

“ಒಂದಿನಾನೂ ಅವಳ ಮೇಲೆ ಕೈ ಎತ್ತಿಲ್ಲ ಕಣೇ.”

“ನಂಗೊತ್ತಿಲ್ವಾ? ಬೇಗ ಇನ್ನೊಂದ್ಸಲ ಹೇಳು.”

ಸುಗುಣ ಕಣ್ಣು ಮುಚ್ಚಿಕೊಂಡಳು. “ಜಡೆ ಹಾಕ್ದೆ. ಎಣ್ಣೆ ಜಾಸ್ತಿ ಆಯ್ತು ಅಂದ್ಲು. ಅದಕ್ಕೆ…” ಮೊಬೈಲಿನಲ್ಲಿ ಎಣಿಕೆ ಹತ್ತು ಸಾವಿರ ಮುಟ್ಟಿತು. “ಎದುರು ಮಾತಾಡ್ತೀಯಾ ಅಂತ ಕೆನ್ನೆಗೆ ಬಾರಿಸ್ಬಿಟ್ಟೆ. ಅಳ್ತಾ ಹೋದ್ಲು. ಎಲ್ಲಿಗೆ ಅಂತಾನೂ ಹೇಳಲಿಲ್ಲ.”

ನಳಿನಿ ಅಕ್ಕನ ಬೆನ್ನು ಸವರಿದಳು. “ಹೋಗ್ಲಿ ಬಿಡಕ್ಕ, ಹೆತ್ತೋರು ಹೊಡೀದೆ ಇರ್ತಾರಾ? ಸಿಟ್ಟು ಇಳಿದ್ಮೇಲೆ ತಾನೇ ಬರ್ತಾಳೆ.”

ಅಷ್ಟರಲ್ಲಿ ಪರಮೇಶಿಯ ಫೋನು ಬಂತು.

“ಸುಗುಣ, ಹೊಸಕಟ್ಟೆ ತೋಟದಲ್ಲಿ ಬೀಗ ಹಾಕಿರೋ ಪಂಪ್‌ಹೌಸ್ ಮುಂದೆ ಹಾರೆ ಹಿಡ್ಕೊಂಡು ನಿಂತಿದೀನಿ. ಇಲ್ಲಿಗ್ಯಾಕೆ ಬಂದೆ ಅಂತಾನೇ ತಿಳೀತಿಲ್ಲ ಕಣೇ. ಮನೆಗೆ ಬರ್ತೀನಿ.”