ವಕ್ರ ನಕ್ಷತ್ರದ ಶಾಂತಿ

ಕುದೂರಿನಲ್ಲಿ ಬಸ್ಸಿಳಿದ ಅಮೂಲ್ಯಳಿಗೆ ಜ್ಯೋತಿಷಿ ಬಾಲರಾಜುವಿನ ಗೋಡೆಯ ಮೇಲೆ ತನ್ನದೇ ಫೋಟೋ ಕಂಡಿತು. ಫೋಟೋದ ಹಣೆಗೆ ಕುಂಕುಮ ಮೆತ್ತಿ, ಕೆಳಗೆ ದಪ್ಪಕ್ಷರದಲ್ಲಿ ಬರೆಸಿದ್ದ: ‘ವಿಜ್ಞಾನಿಯೇ ಕಂಡ ವಕ್ರ ನಕ್ಷತ್ರ. ದೋಷಕ್ಕೆ ಇಲ್ಲಿ ಶಾಂತಿ.’

ವಕ್ರವಾಗಿದ್ದದ್ದು ನಕ್ಷತ್ರವೇ ಅಲ್ಲ. ಎಲ್ಲೋ ದೂರದ ನ್ಯೂಟ್ರಾನ್ ನಕ್ಷತ್ರವೊಂದರ ಸುತ್ತ ಸುತ್ತುವ ಅನಿಲದ ತಟ್ಟೆ, ಬಿಸಿಲಿಗೆ ಹಾಕಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಅದು ಅಡ್ಡ ಬಂದಾಗಲೆಲ್ಲ ನಕ್ಷತ್ರದ ಎಕ್ಸ್-ರೇ ಮಂಕಾಗುತ್ತಿತ್ತು. ಉಪಗ್ರಹ ಕಳಿಸಿದ ಅಂಕಿಗಳನ್ನು ವರ್ಷಗಟ್ಟಲೆ ಜಾಲಾಡಿ ಅವಳು ಕಂಡುಕೊಂಡಿದ್ದು ಅಷ್ಟೇ. ಪೇಪರಿನಲ್ಲಿ ಬಂದಿದ್ದೂ ಅಷ್ಟೇ.

“ನನ್ನ ಫೋಟೋ ನಿಮಗೆ ಕೊಟ್ಟೋರು ಯಾರ್ರೀ?”

ಬಾಲರಾಜು ಎಲೆಅಡಿಕೆಯ ಹಲ್ಲು ಕಿರಿದು ಒಳಕ್ಕೆ ಕೈ ತೋರಿಸಿದ. ಹೋಮದ ಹೊಗೆಯಲ್ಲಿ ಅವಳಪ್ಪ ಮುನಿರಾಮಯ್ಯ ಕೈಮುಗಿದು ಕೂತಿದ್ದ.

“ನಾನೇ ಕಣವ್ವ. ನಮ್ ಹೊಲ ಫ್ಯಾಕ್ಟ್ರಿಗೆ ಹೋಯ್ತಿರೋದು ಆ ನಕ್ಷತ್ರದ ದೆಸೆಯಿಂದಂತೆ. ನೀನೇ ಕಂಡಿದ್ದೀಯಲ್ಲ, ಸುಳ್ಳಾಯ್ತದಾ?”

ಅಮೂಲ್ಯ ಗೋಡೆಯ ಫೋಟೋ ಕಿತ್ತು ಚೂರುಚೂರು ಮಾಡಿ ಒಳಗೆ ಅಪ್ಪನ ಮುಂದೆ ಎಸೆದಳು. “ಅಪ್ಪಾ, ನಾನು ಕಂಡಿದ್ದು ಇದಲ್ಲ. ಏಳು, ಮನೆಗೋಗಣ.”

ಮುನಿರಾಮಯ್ಯ ಬಗ್ಗಿ ಒಂದೊಂದೇ ಚೂರು ಆಯ್ದು ಕಣ್ಣಿಗೊತ್ತಿಕೊಂಡ. “ಒಸಿ ತಡಿ ಮಗ,” ಅಂದ, “ಪೂರ್ಣಾಹುತಿ ಮುಗೀಲಿ.”